ಕೌಲಾಲಂಪುರದಲ್ಲಿ ನಾನು ಕಂಡ ತಟ್ಟೆ

ಒಂದು ಊರಿಗೆ ಹೋಗಿ ಬಂದವನಿಗೆ ಆ ಊರು ಹೇಗಿದೆ ಎಂದು ಹೇಳಲು ಬರಬೇಕು. ಅದು ಪ್ರಯಾಣಿಕನ ಕನಿಷ್ಠ ಕರ್ತವ್ಯ. ಕುದುರೆಮುಖಕ್ಕೆ ಹೋದವನು ಚಳಿ ಎನ್ನುತ್ತಾನೆ, ಮುಂಬಯಿಗೆ ಹೋದವನು ಜನ ಎನ್ನುತ್ತಾನೆ, ದುಬಾಯಿಯಿಂದ ಬಂದವನು ಏನೂ ಹೇಳದೆ ಕೈಯ ವಾಚನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಾನೆ. ನಾನು ಕೌಲಾಲಂಪುರಕ್ಕೆ ಹೋಗಿ ಬಂದಿದ್ದೇನೆ. ಬೆಳಿಗ್ಗೆ ಆರೂ ನಲವತ್ತಕ್ಕೆ ಅಲ್ಲಿ ಇಳಿದು ಸಂಜೆ ಐದಕ್ಕೆ ಮುಂದಿನ ವಿಮಾನ ಹತ್ತಿದ್ದೇನೆ. ಹತ್ತು ಗಂಟೆ ಇಪ್ಪತ್ತು ನಿಮಿಷ ಆ ಮಹಾನಗರದಲ್ಲಿದ್ದೆ ಎಂಬುದಕ್ಕೆ ನನ್ನ ಪಾಸ್‌ಪೋರ್ಟಿನಲ್ಲಿ ಮೊಹರು ಉಂಟು. ಆದರೆ ಊರು ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲದ್ದು ಇಷ್ಟೇ: ಇಪ್ಪತ್ತಮೂರನೆಯ ಮಹಡಿಯ ಒಂದು ಅಡುಗೆಮನೆಯ ಸಿಂಕು ಎಡಬದಿಗೆ ಸ್ವಲ್ಪ ವಾಲಿದೆ. ನಲ್ಲಿಯ ನೀರು ಮೊದಲು ಕೆಮ್ಮುತ್ತದೆ, ಆಮೇಲೆ ಬರುತ್ತದೆ. ಹಸಿರು ಬಣ್ಣದ ಉಜ್ಜುವ ಸ್ಪಂಜಿನ ಒಂದು ಮೂಲೆ ಹರಿದಿದೆ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಸುಳ್ಳಿನ ವಿಷಯದಲ್ಲಿ ನಾನು ಸ್ವಲ್ಪ ಹೆದರುವವನು. ಕಾರ್ಕಳದ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರನಾಗಿದ್ದೆ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ಟೈಪು ಮಾಡುವುದು ನನ್ನ ಕೆಲಸ. ಮಬ್ಬುಗತ್ತಲೆಯಲ್ಲಿ ಐವತ್ತು ಗಜ ದೂರದಿಂದ ಮನುಷ್ಯನ ಗುರುತು ಹಿಡಿದೆ ಎಂದವರನ್ನು ಕಂಡಿದ್ದೇನೆ. ವಕೀಲರು ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿದ ಮೇಲೆ ಅದು ಮನುಷ್ಯನೋ ಬಾಳೆಗಿಡವೋ ಎಂಬುದೇ ಅವರಿಗೆ ಅನುಮಾನವಾದದ್ದನ್ನೂ ಕಂಡಿದ್ದೇನೆ. ಟೈಪು ಮಾಡುತ್ತಾ ಒಳಗೊಳಗೇ ನಗುತ್ತಿದ್ದೆ. ನಾನಾಗಿದ್ದರೆ ಹೀಗೆ ತಪ್ಪುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ. ಆ ನಗುವಿನ ಬಾಕಿಯನ್ನು ದೇವರು ಕೌಲಾಲಂಪುರದವರೆಗೆ ಕರೆಸಿ ವಸೂಲು ಮಾಡಿದ.

ನಾನು ಹೊರಟದ್ದು ಆಸ್ಟ್ರೇಲಿಯಾದ ಪರ್ತಿಗೆ. ಮಗಳು ಅಲ್ಲಿ ನರ್ಸು. ಅವಳ ಬಾಣಂತನಕ್ಕೆಂದು ನನ್ನ ಹೆಂಡತಿ ಜಯಂತಿ ಎರಡು ತಿಂಗಳ ಮೊದಲೇ ಹೋಗಿದ್ದಳು. ಮೊಮ್ಮಗುವನ್ನು ನೋಡಿ ಹೆಂಡತಿಯನ್ನು ಕರೆತರುವುದು ನನ್ನ ಕಾರ್ಯಕ್ರಮ. ಕೌಲಾಲಂಪುರ ಅದರ ನಡುವೆ ಬಂದದ್ದು, ಬಜಗೋಳಿಗೆ ಹೋಗುವ ಬಸ್ಸು ಮಿಯಾರಿನಲ್ಲಿ ನಿಂತ ಹಾಗೆ. ಆದರೆ ಪಕ್ಕದ ಮನೆಯ ಕಾಮತರು ಅದನ್ನು ಹಾಗೆ ಸುಮ್ಮನೆ ಬಿಡಲಿಲ್ಲ. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಎರಡು ಸಲ ಆ ಊರಿಗೆ ಹೋಗಿ ಬಂದಿದ್ದಾರೆ. "ಹತ್ತು ಗಂಟೆ ಅಂದ್ರೆ ಎಂತ ಕಡಿಮೆಯಾ ಮಾರಾಯ್ರೆ? ಒಂದು ಊರು ನೋಡಿ ಮುಗಿಸ್ಬಹುದು" ಎಂದು ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದುಕೊಟ್ಟರು. ಹತ್ತೂ ಹದಿನೈದಕ್ಕೆ ಅವಳಿ ಗೋಪುರದ ಎದುರು ಫೋಟೊ. ಹತ್ತೂ ನಲವತ್ತಕ್ಕೆ ಅದೇ ಗೋಪುರದ ಹಿಂದೆ ಫೋಟೊ. ಎರಡೂ ಕಡೆ ಒಂದೇ ತರಹ ಇರುವುದಲ್ಲವೇ ಎಂದು ಕೇಳಿದೆ. "ಹಿಂದೆ ಕಾರಂಜಿ ಉಂಟು" ಎಂದರು. "ಕಡೇಪಕ್ಷ ಗೋಪುರವನ್ನಾದರೂ ಕಣ್ಣಾರೆ ನೋಡಿ ಬನ್ನಿ. ನೋಡದೆ ಬಂದರೆ ನನ್ನ ಹತ್ರ ಮಾತಾಡ್ಬೇಡಿ." ನಾನು ಮಾತು ಕೊಟ್ಟೆ.

ಆ ಹಾಳೆ ನನ್ನ ಜೇಬಿನಲ್ಲಿ ಎರಡು ದಿನ ಇತ್ತು. ಮೂರನೆಯ ದಿನ ಬಜಗೋಳಿಯಿಂದ ತಂಗಿ ವನಜ ಫೋನು ಮಾಡಿದಳು. ಅವಳ ಮಗಳು ದೀಕ್ಷಾಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರಶಾಂತ, ಕಾಪುವಿನವನು. ಕೌಲಾಲಂಪುರದಲ್ಲಿ ಲಿಫ್ಟು ನೋಡಿಕೊಳ್ಳುವ ಕಂಪನಿಯಲ್ಲಿ ಮೇಲ್ವಿಚಾರಕ. ಜಾತಕ ಹೊಂದಿತ್ತು, ಹುಡುಗ ಹುಡುಗಿ ಎರಡು ತಿಂಗಳಿನಿಂದ ಫೋನಿನಲ್ಲಿ ಮಾತಾಡುತ್ತಿದ್ದರು. ಆದರೆ ಯಾರೂ ಮುಖತಃ ನೋಡಿರಲಿಲ್ಲ. "ಅಣ್ಣ, ನೀವು ಹೇಗೂ ಆ ಊರಲ್ಲಿ ಇಳೀತೀರಿ. ಒಮ್ಮೆ ಹೋಗಿ ನೋಡಿ ಬನ್ನಿ. ನೀವು ಹೇಳಿದ ಹಾಗೆ" ಎಂದಳು. ನಮ್ಮಲ್ಲಿ ಹುಡುಗಿಯ ಮದುವೆಯ ವಿಷಯದಲ್ಲಿ ಸೋದರಮಾವನ ಮಾತಿಗೆ ಅಪ್ಪನ ಮಾತಿಗಿಂತ ಒಂದು ತೂಕ ಹೆಚ್ಚು. ವರ್ಷವಿಡೀ ಯಾರೂ ನನ್ನ ಮಾತು ಕೇಳುವುದಿಲ್ಲವಾದ್ದರಿಂದ ಇಂಥ ಸಂದರ್ಭವನ್ನು ಬಿಡಲು ಮನಸ್ಸಾಗಲಿಲ್ಲ. ಕಾಮತರ ಹಾಳೆಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟೆ.

ಹೊರಡುವ ಹಿಂದಿನ ದಿನ ದೀಕ್ಷಾಳೇ ಮನೆಗೆ ಬಂದಳು. ಅವಳು ಮಣಿಪಾಲದಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ, ನೋಟ ಹೆಚ್ಚು. "ಮಾವ, ಸಂಬಳ, ಮನೆ ಎಲ್ಲ ಅಮ್ಮ ವಿಚಾರಿಸಿ ಆಗಿದೆ. ನೀವು ನನಗೆ ಒಂದೇ ವಿಷಯ ನೋಡಿ ಬನ್ನಿ. ತಿಂದ ತಟ್ಟೆ ಯಾರು ತೊಳೀತಾರೆ ನೋಡಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ನಮ್ಮ ಮನೆಯಲ್ಲಿ ಅಪ್ಪ, ಅಣ್ಣ ಎಲ್ಲ ಉಂಡು ಎದ್ದು ಹೋಗ್ತಾರೆ. ತಟ್ಟೆ ಎಲ್ಲ ತೊಳೆದು ಅಮ್ಮ ಊಟಕ್ಕೆ ಕೂರುವಾಗ ಸಾರು ತಣಿದಿರ್ತದೆ. ಇಪ್ಪತ್ತಾರು ವರ್ಷದಿಂದ ನೋಡ್ತಾ ಇದ್ದೇನೆ. ಫೋನಿನಲ್ಲಿ ಕೇಳಿದ್ರೆ ಎಲ್ಲರೂ ತೊಳೀತೇನೆ ಅಂತ್ಲೇ ಹೇಳ್ತಾರೆ. ನೀವಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀರಿ ಅಂತ ಕೇಳಿದ್ದು." ಇದು ನನ್ನ ಮೂವತ್ತೊಂದು ವರ್ಷದ ಸೇವೆಗೆ ಸಿಕ್ಕಿದ ಮೊದಲ ಪ್ರಶಸ್ತಿ. ಒಪ್ಪಿಕೊಂಡೆ. ನೀನು ಹೂಂ ಅನ್ನುವುದೂ ಉಹೂಂ ಅನ್ನುವುದೂ ಇದರ ಮೇಲೆಯೇ ಎಂದು ಕೇಳಿದೆ. "ಹೌದು" ಎಂದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ನನ್ನನ್ನು ನೀವು ಸಂಪೂರ್ಣ ಮೂರ್ಖ ಎಂದು ತಿಳಿಯುತ್ತೀರಿ. ಹೇಳಿದ ಮೇಲೂ ತಿಳಿಯಬಹುದು. ಹುಡುಗನನ್ನು ನೋಡಲು ಹೋದವನು ಹುಡುಗನನ್ನು ನೋಡಲು ಬಂದೆ ಎಂದು ಹೇಳುವ ಹಾಗಿಲ್ಲ. ಸಂಬಂಧ ಕುದುರದಿದ್ದರೆ ಎರಡು ಮನೆಗೂ ಮುಖಭಂಗ. ಆದ್ದರಿಂದ ಒಂದು ನೆಪ ಬೇಕು. ಎರಡೂ ಕಡೆಯವರಿಗೆ ಅದು ನೆಪವೆಂದು ಗೊತ್ತಿರುತ್ತದೆ, ಇಬ್ಬರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ನನ್ನ ನೆಪ ಒಂದು ಪಾರ್ಸೆಲ್. ಹುಡುಗನ ತಾಯಿಯೇ ಕಾಪುವಿನಿಂದ ಕಳಿಸಿಕೊಟ್ಟರು: ಕೋರಿರೊಟ್ಟಿ ಎರಡು ಪ್ಯಾಕೆಟ್, ಹಲಸಿನ ಹಪ್ಪಳ, ಒಂದು ಬಾಟ್ಲಿ ಮಿಡಿ ಉಪ್ಪಿನಕಾಯಿ. ಇನ್ನೊಂದು ಪದ್ಧತಿ ಎಂದರೆ ಅಲ್ಲಿ ಹೋಗಿ ಹುಡುಗನ ಹೆಸರು ಕೇಳಬಾರದು. ಹೆಸರು ಕೂಡ ತಿಳಿಯದೆ ಬಂದನೇ ಎಂದಾಗುತ್ತದೆ. ಮನೆ ಎಲ್ಲಿ ಬಂತು, ಅಮ್ಮ ಹೇಗಿದ್ದಾರೆ, ಊರಿಗೆ ಯಾವಾಗ ಎಂದು ಸುತ್ತು ಬಳಸಿ ಕೇಳಬೇಕು. ನಾನು ಹಾಗೆಯೇ ಮಾಡಿದೆ. ಒಂದಿಷ್ಟೂ ತಪ್ಪದೆ ಮಾಡಿದೆ. ಅದೇ ತಪ್ಪಾಯಿತು.

ವಿಮಾನ ನಿಲ್ದಾಣದಿಂದ ನಗರಕ್ಕೆ ರೈಲು. ಎರಡು ಬದಿಯಲ್ಲೂ ಮೈಲಿಗಟ್ಟಲೆ ತೆಂಗಿನ ತೋಟ. ತೆಂಗಿಗೆ ಹೆಸರಾದ ನಮ್ಮ ಕೆಮ್ಮಣ್ಣು ಊರಿನವರು ಇದನ್ನು ನೋಡಬೇಕಿತ್ತು ಎಂದುಕೊಂಡೆ. ಮರಗಳು ಕುಳ್ಳಗಿದ್ದವು, ಒಂದರಲ್ಲೂ ತೆಂಗಿನಕಾಯಿ ಇರಲಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಿದರೆ ಅದು ತೆಂಗೇ ಅಲ್ಲ, ಎಣ್ಣೆಯ ತಾಳೆ ಎಂದರು. ಗುರುತು ಹಿಡಿಯುವುದರಲ್ಲಿ ಅಂದಿನ ಮೊದಲ ತಪ್ಪು ಅದು. ಆಗಲೇ ಎಚ್ಚರಾಗಬೇಕಿತ್ತು. ರೈಲು ಇಳಿದು ಟ್ಯಾಕ್ಸಿ ಹತ್ತಿದೆ. ಚಾಲಕ ತಮಿಳರು. ಯಾವ ಊರು ಎಂದು ಕೇಳಿದರು. ಕಾರ್ಕಳ ಎಂದರೆ ತಿಳಿಯಲಿಲ್ಲ, ಉಡುಪಿ ಎಂದೆ. "ಓ, ಹೋಟೆಲ್!" ಎಂದು ಸಂತೋಷಪಟ್ಟರು. ಅಲ್ಲ, ಕೋರ್ಟು ಎಂದೆ. ಆಮೇಲೆ ಅವರು ಮಾತಾಡಲಿಲ್ಲ. ನಾನೂ ಹೊರಗೆ ನೋಡಲಿಲ್ಲ, ವಿಳಾಸದ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದೆ. ನನ್ನ ಫೋನು ನಮ್ಮ ದೇಶದ ಗಡಿ ದಾಟಿದೊಡನೆ ಮೌನವ್ರತ ಹಿಡಿದಿತ್ತು. ಹತ್ತು ಗಂಟೆಗೋಸ್ಕರ ಹೊಸ ಸಿಮ್ ಏಕೆ ಎಂದು ನಾನೇ ಬೇಡವೆಂದಿದ್ದೆ.

ಹತ್ತೂವರೆಗೆ ಇಪ್ಪತ್ತಮೂರನೆಯ ಮಹಡಿಯ ಬಾಗಿಲು ತಟ್ಟಿದೆ. ಸುಮಾರು ಮೂವತ್ತು ವರ್ಷದ, ಗಡ್ಡ ಬಿಟ್ಟ, ನಗುಮುಖದ ಯುವಕ ಬಾಗಿಲು ತೆರೆದ. "ಬನ್ನಿ ಅಂಕಲ್, ಬನ್ನಿ. ಮನೆ ಸಿಗ್ಲಿಕ್ಕೆ ಕಷ್ಟ ಆಗ್ಲಿಲ್ಲ ಅಲ್ವಾ?" ಎಂದು ತುಳುವಿನಲ್ಲೇ ಕೇಳಿದ. ನಾವು ಆಡಿದ್ದೆಲ್ಲ ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ತುಳು ಕಾರ್ಕಳದ್ದಕ್ಕಿಂತ ಸ್ವಲ್ಪ ಬೇರೆಯಾಗಿ ಕೇಳಿತು. ಸಮುದ್ರದ ಗಾಳಿಗೆ ಹಾಗಿರಬಹುದು ಎಂದುಕೊಂಡೆ. ಗುರುತಿನ ವಿಷಯದಲ್ಲಿ ನಾನು ಅಜಾಗರೂಕನಾಗಿರಲಿಲ್ಲ ಎಂಬುದನ್ನು ದಾಖಲಿಸಬೇಕು. ಹುಡುಗನ ಎರಡು ಫೋಟೊಗಳನ್ನು ನಾನು ಮೊದಲೇ ನೋಡಿದ್ದೆ. ಒಂದರಲ್ಲಿ ಹಳದಿ ಹೆಲ್ಮೆಟ್ಟು, ಕಪ್ಪು ಕನ್ನಡಕ, ಗಡ್ಡ. ಇನ್ನೊಂದು ಯಾರದೋ ಮದುವೆಯ ಗುಂಪು. ಅದರಲ್ಲಿ ಅವನ ಅರ್ಧ ಮುಖವನ್ನು ಮುಂದೆ ನಿಂತ ಹೆಂಗಸಿನ ಮಲ್ಲಿಗೆ ದಂಡೆ ಮರೆ ಮಾಡಿತ್ತು, ಉಳಿದರ್ಧ ಗಡ್ಡ. ಎದುರಿಗಿದ್ದವನಿಗೆ ಗಡ್ಡವಿತ್ತು. ಬಾಗಿಲ ಬಳಿಯ ಮೊಳೆಯಲ್ಲಿ ಹಳದಿ ಹೆಲ್ಮೆಟ್ಟು ನೇತಾಡುತ್ತಿತ್ತು. ಇನ್ನೇನು ಬೇಕು? ಹೆಲ್ಮೆಟ್ಟಿನಿಂದ ಮನುಷ್ಯನನ್ನು ಗುರುತಿಸಲಾಗದು ಎಂಬ ಅರ್ಥದ ವಾಕ್ಯವನ್ನು ನನ್ನ ಕೈಯಾರೆ ಎಷ್ಟು ಸಲ ಟೈಪು ಮಾಡಿದ್ದೇನೋ. ಟೈಪು ಮಾಡುವವನು ಓದುವುದಿಲ್ಲ ಎಂಬುದು ಆ ದಿನ ಗೊತ್ತಾಯಿತು.

"ಈ ಕಡೆ ಕೂತ್ಕೊಳ್ಳಿ ಅಂಕಲ್, ವ್ಯೂ ಉಂಟು" ಎಂದು ಒಂದು ಕುರ್ಚಿ ತೋರಿಸಿದ. ಅಲ್ಲಿ ಕುಳಿತರೆ ಮುಖ ಕಿಟಕಿಯ ಕಡೆಗೆ, ಬೆನ್ನು ಅಡುಗೆಮನೆಯ ಕಡೆಗೆ. ನಾನು ಎದುರಿನ ಸೋಫಾವನ್ನು ಆರಿಸಿಕೊಂಡೆ. ಬೆನ್ನು ಕಿಟಕಿಗೆ, ಮುಖ ಸಿಂಕಿಗೆ. "ನನಗೆ ಇಲ್ಲಿಂದಲೇ ವ್ಯೂ ಉಂಟು" ಎಂದೆ. ಸಿಂಕಿನಲ್ಲಿ ಆಗಲೇ ಒಂದು ತಟ್ಟೆ ಇತ್ತು. ಸ್ಟೀಲಿನದ್ದು. ಅಂಚಿನಲ್ಲಿ ಮೊಟ್ಟೆಯ ಹಳದಿ ಒಣಗಿ ಅಂಟಿತ್ತು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದೆ.

ಪಾರ್ಸೆಲ್ ಕೊಟ್ಟೆ. ಅವನು ಅದನ್ನು ಬಿಚ್ಚದೆ ಫ್ರಿಜ್ಜಿನ ಮೇಲಿಟ್ಟ. ತಾಯಿ ಕಳಿಸಿದ್ದನ್ನು ಕಂಡೊಡನೆ ಹರಿದು ನೋಡುವ ಚಪಲವಿಲ್ಲ, ಸಂಯಮ ಉಂಟು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. "ಅಮ್ಮನ ಮೊಣಕಾಲು ನೋವು ಹೇಗೆ ಉಂಟಂತೆ?" ಎಂದು ಕೇಳಿದ. ತಾಯಿಯ ಮೇಲೆ ಕಾಳಜಿ. ಮನೆ ಎಲ್ಲಿ ಬಂತು ಎಂದು ಕೇಳಿದೆ. "ಕಾಪು, ದೀಪಸ್ತಂಭದಿಂದ ಈಚೆ." ಸರಿಯಾಗಿತ್ತು. ಕೆಲಸ ಹೇಗೆ ಎಂದೆ. "ಲಿಫ್ಟು ಕಂಪನಿ ಅಲ್ವಾ ಅಂಕಲ್, ಕೆಲವು ದಿನ ಮೇಲೆ, ಕೆಲವು ದಿನ ಕೆಳಗೆ." ಹಾಸ್ಯಪ್ರಜ್ಞೆ ಉಂಟು. ಫ್ರಿಜ್ಜಿನ ಬಾಗಿಲಲ್ಲಿ ಮಕ್ಕಳು ಬಿಡಿಸಿದ ಎರಡು ಚಿತ್ರಗಳನ್ನು ಅಂಟಿಸಿದ್ದ. ಒಂದರಲ್ಲಿ ದೋಣಿ, ಇನ್ನೊಂದರಲ್ಲಿ ದೋಣಿಯೋ ಮೀನೋ ತಿಳಿಯದ ಒಂದು ಆಕೃತಿ. ಯಾರದ್ದು ಎಂದು ಕೇಳಿದೆ. "ಮಕ್ಕಳದ್ದು" ಎಂದು ಅದನ್ನು ನೋಡುತ್ತಾ ನಿಂತ. ಪರರ ಮಕ್ಕಳ ಮೇಲೂ ಎಷ್ಟು ಪ್ರೀತಿ ಎಂದು ನನಗೆ ಕಣ್ಣು ತುಂಬಿ ಬಂತು.

"ಹೊರಗೆ ಸುತ್ತಿ ಬರುವನಾ ಅಂಕಲ್? ನಾನು ಇವತ್ತು ರಜೆ ಹಾಕಿದ್ದೇನೆ" ಎಂದ. ಬೇಡ, ಮನೆಯೇ ಚೆನ್ನಾಗಿದೆ ಎಂದೆ. "ಇಷ್ಟು ದೂರ ಬಂದು ಎಂತದೂ ನೋಡದಿದ್ರೆ ಹೇಗೆ?" ನೋಡುತ್ತಾ ಇದ್ದೇನೆ ಎಂದೆ. ಅವನು ಒಂದು ಕ್ಷಣ ನನ್ನನ್ನು ವಿಚಿತ್ರವಾಗಿ ನೋಡಿ ಅಡುಗೆಗೆ ನಿಂತ. ಅವನೇ ಅಡುಗೆ ಮಾಡುತ್ತಾನೆ! ಈರುಳ್ಳಿ ಹೆಚ್ಚುವುದನ್ನು ನೋಡಿದೆ, ಅಭ್ಯಾಸವಿದ್ದ ಕೈ. ಬಂಗುಡೆ ಮೀನಿನ ಗಸಿ, ಕುಚ್ಚಲಕ್ಕಿ ಅನ್ನ. ಬಂಗುಡೆ ಅಲ್ಲಿಯೂ ಸಿಗುತ್ತದಂತೆ, ಹೆಸರು ಮಾತ್ರ ಬೇರೆ. ಒಂದೂ ಕಾಲರ ಹೊತ್ತಿಗೆ ಒಲೆ ಸಣ್ಣ ಮಾಡಿ, "ಹತ್ತು ನಿಮಿಷ ಅಂಕಲ್" ಎಂದು ಮುಖ ಕೈಕಾಲು ತೊಳೆದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಊಟಕ್ಕೆ ಮೊದಲು ಶುಚಿಯಾಗಿ ದೇವರನ್ನು ನೆನೆಯುವ ಹುಡುಗರು ಈ ಕಾಲದಲ್ಲಿ ಎಲ್ಲಿದ್ದಾರೆ? ವನಜಳಿಗೆ ಇದನ್ನು ಮೊದಲು ಹೇಳಬೇಕೆಂದುಕೊಂಡೆ. ಆ ಹತ್ತು ನಿಮಿಷ ನಾನು, ಒಲೆಯ ಮೇಲಿನ ಗಸಿ ಮತ್ತು ಸಿಂಕಿನ ತಟ್ಟೆ ಒಬ್ಬರನ್ನೊಬ್ಬರು ನೋಡುತ್ತಾ ಕುಳಿತಿದ್ದೆವು.

ಊಟವಾಯಿತು. ಗಸಿ ಎಷ್ಟು ಚೆನ್ನಾಗಿತ್ತೆಂದರೆ ಎರಡು ಸಲ ಬಡಿಸಿಕೊಂಡೆ. ಕೈ ತೊಳೆದು ಬಂದು ಸೋಫಾದಲ್ಲಿ ಕುಳಿತು ಕನ್ನಡಕ ಒರೆಸಿಕೊಂಡೆ. ಈಗಲೇ ಮುಖ್ಯ ಘಟ್ಟ. ಅವನು ಮೇಜು ಒರೆಸಿದ. ಸಿಂಕಿನ ಎದುರು ನಿಂತ. ನಲ್ಲಿ ಕೆಮ್ಮಿತು. ಸ್ಪಂಜು ತೆಗೆದುಕೊಂಡು ಒಂದೊಂದೇ ತೊಳೆದ. ಕೊನೆಗೆ ಮೊಟ್ಟೆಯ ತಟ್ಟೆಯನ್ನು ಎತ್ತಿ ಉಗುರಿನಿಂದ ಕೆರೆಯುತ್ತಾ, "ಇದು ನಮ್ಮ ರೂಮಿನ ಇನ್ನೊಬ್ಬನದ್ದು ಅಂಕಲ್. ಬೆಳಿಗ್ಗೆ ತಿಂದು ಹಾಗೇ ಓಡಿದ. ಯಾವಾಗಲೂ ಇದೇ ಕತೆ" ಎಂದ. ನನ್ನ ಎದೆಯ ಭಾರ ಇಳಿಯಿತು. ತನ್ನದಲ್ಲದ ತಟ್ಟೆಯನ್ನೂ ತೊಳೆಯುವವನು! ಸಂತೋಷದಲ್ಲಿ ನಾಲಗೆ ಸಡಿಲವಾಯಿತು. "ಅಂಥವನನ್ನು ಕಟ್ಟಿಕೊಳ್ಳುವವಳ ಗತಿ ಏನು?" ಎಂದೆ. ಅವನು ತಿರುಗಿ ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂಕಲ್, ಅದು ಇನ್ನು ನಿಮ್ಮ ಕೈಯಲ್ಲಿ ಉಂಟು" ಎಂದ. ಏನೋ ಅರ್ಥವಾಗದಿದ್ದರೂ ಹಿರಿಯರ ಬಗ್ಗೆ ಗೌರವ ಎಂದು ಅದನ್ನೂ ಬರೆದುಕೊಂಡೆ. ಹೊರಡುವಾಗ ನನ್ನ ಪಕ್ಕದಲ್ಲಿ ಸೋಫಾದಲ್ಲಿ ಕುಳಿತು ಒಂದು ಫೋಟೊ ತೆಗೆದುಕೊಂಡ. ಎರಡು ಗಂಟೆಗೆ ಟ್ಯಾಕ್ಸಿಯವರೆಗೆ ಬಂದು ನನ್ನ ಚೀಲ ಒಳಗಿಟ್ಟ. ಕಾಮತರ ಗೋಪುರ ನೆನಪಾದದ್ದು ರೈಲು ಹೊರಟ ಮೇಲೆ.

ವಿಮಾನ ನಿಲ್ದಾಣದಲ್ಲಿ ಉಚಿತ ವೈಫೈ ಸಿಕ್ಕಿತು. ಫೋನು ಒಮ್ಮೆಗೇ ಮಾತು ಬಂದವರ ಹಾಗೆ ಗುಂಯ್‌ಗುಟ್ಟಿ ಎಪ್ಪತ್ತು ಸಂದೇಶಗಳನ್ನು ಕಾರಿತು. ಅದರಲ್ಲಿ ಅರುವತ್ತು ಶುಭೋದಯಗಳೆಂದು ನನಗೆ ಗೊತ್ತಿತ್ತು, ಯಾವುದನ್ನೂ ಬಿಚ್ಚದೆ ವನಜಳಿಗೆ ಕರೆ ಮಾಡಿದೆ. ಸಂಯಮ, ತಾಯಿಯ ಕಾಳಜಿ, ಅಡುಗೆ, ದೈವಭಕ್ತಿ, ತಟ್ಟೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. "ದೀಕ್ಷಾಳಿಗೆ ಹೇಳು, ತಟ್ಟೆ ಅವನೇ ತೊಳೆಯುತ್ತಾನೆ. ನಾನು ಕಣ್ಣಾರೆ ಕಂಡೆ" ಎಂದೆ. ವನಜ ಅಲ್ಲಿಯೇ ಅತ್ತಳು. ವಿಮಾನದ ಬಾಗಿಲು ತೆರೆಯಿತು, ಫೋನು ಮುಚ್ಚಿದೆ. ಪರ್ತಿನವರೆಗೆ ಐದೂವರೆ ಗಂಟೆ ನಾನು ನಿದ್ದೆ ಮಾಡಿದ್ದು, ಕರ್ತವ್ಯ ಮುಗಿಸಿದವನ ನಿದ್ದೆ.

ಮರುದಿನ ಬೆಳಿಗ್ಗೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಫೋನು ತೆರೆದರೆ ದೀಕ್ಷಾಳಿಂದ ಒಂದು ಫೋಟೊ ಬಂದಿತ್ತು. ಸೋಫಾದಲ್ಲಿ ನಾನು, ಪಕ್ಕದಲ್ಲಿ ಹುಡುಗ. ಕೆಳಗೆ ಒಂದು ಸಾಲು: "ಮಾವ, ಇದು ಯಾರು?"

ಇದೆಂಥ ಪ್ರಶ್ನೆ ಎಂದು ಕರೆ ಮಾಡಿದೆ. ನೀನು ಎರಡು ತಿಂಗಳಿನಿಂದ ಮಾತಾಡುತ್ತಿರುವವನು ಎಂದೆ. "ಮಾವ, ಅದು ರಫೀಕಣ್ಣ" ಎಂದಳು. ಕಾಪುವಿನಲ್ಲಿ ಪ್ರಶಾಂತನ ಪಕ್ಕದ ಮನೆಯವನು, ಬ್ಯಾರಿ ಮುಸ್ಲಿಮರ ಹುಡುಗ. ಅದೇ ಕಂಪನಿಯಲ್ಲಿ ಕೆಲಸ, ಅದೇ ಮನೆಯಲ್ಲಿ ವಾಸ. ಹಿಂದಿನ ದಿನ ಬೆಳಿಗ್ಗೆ ಎಲ್ಲಿಯೋ ಒಂದು ಆಸ್ಪತ್ರೆಯ ಲಿಫ್ಟು ನಿಂತುಹೋಗಿ ಪ್ರಶಾಂತನಿಗೆ ತುರ್ತು ಕರೆ ಬಂತಂತೆ. ತಿನ್ನುತ್ತಿದ್ದ ತಟ್ಟೆ ಬಿಟ್ಟು ಓಡಿದನಂತೆ. ಮಾವ ಬರುತ್ತಾರೆ, ನೀನು ರಜೆ ಹಾಕಿ ನೋಡಿಕೋ ಎಂದು ರಫೀಕನಿಗೆ ಹೇಳಿ, ನನಗೂ ಸಂದೇಶ ಕಳಿಸಿದ್ದನಂತೆ. ಹುಡುಕಿದರೆ ಅದು ಎರಡು ಶುಭೋದಯಗಳ ನಡುವೆ ಇತ್ತು. ಸೋಫಾದ ಫೋಟೊವನ್ನು ಅವಳಿಗೆ ಕಳಿಸಿದವನೂ ಪ್ರಶಾಂತನೇ. "ರಫೀಕಣ್ಣನಿಗೆ ಮದುವೆ ಆಗಿ ಇಬ್ಬರು ಮಕ್ಕಳು ಮಾವ" ಎಂದಳು ದೀಕ್ಷಾ. ಫ್ರಿಜ್ಜಿನ ಬಾಗಿಲು ನನ್ನ ಕಣ್ಣ ಮುಂದೆ ಬಂತು. ದೋಣಿ ಬಂತು. ಮುಖ ಕೈಕಾಲು ತೊಳೆದದ್ದು, ಬಾಗಿಲು ಹಾಕಿದ್ದು, ಒಂದೂ ಕಾಲರ ನಮಾಜು, ಒಂದೊಂದಾಗಿ ಬಂದವು. ನಾನು ಕಂಡದ್ದರಲ್ಲಿ ಒಂದೂ ಸುಳ್ಳಲ್ಲ. ಎಲ್ಲ ನಿಜ. ಮನುಷ್ಯ ಮಾತ್ರ ಬೇರೆ.

ಆಮೇಲೆ ಅವಳು ಕೇಳಬೇಕಾದದ್ದನ್ನೇ ಕೇಳಿದಳು. "ಹಾಗಾದ್ರೆ ತಟ್ಟೆಯ ವಿಷಯ ಎಂತ ಮಾವ?"

ಕಟಕಟೆಯಲ್ಲಿ ನಿಂತವರು ಏಕೆ ನೀರು ಕೇಳುತ್ತಿದ್ದರು ಎಂಬುದು ಈಗ ತಿಳಿಯಿತು. ಗೊತ್ತಿಲ್ಲ, ನಾನು ಹುಡುಗನನ್ನು ನೋಡಿಯೇ ಇಲ್ಲ ಎಂದುಬಿಡಬಹುದಿತ್ತು. ಅದೂ ನಿಜವೇ. ಆದರೆ ಉಳಿದ ನಿಜವನ್ನು ನುಂಗಿದ ನಿಜ. ಒಂದು ಮೊಟ್ಟೆಯ ತಟ್ಟೆಗೆ ಒಳ್ಳೆಯ ಸಂಬಂಧ ಮುರಿಯಿತು ಎಂದಾದರೆ ಬಜಗೋಳಿಯಲ್ಲಿ ನಾನು ಮುಖ ತೋರಿಸುವುದು ಹೇಗೆ? ಮುಚ್ಚಿಟ್ಟರೆ, ಇದ್ದದ್ದು ಇದ್ದ ಹಾಗೆ ಹೇಳುತ್ತೀರೆಂದು ಕೇಳಿಕೊಂಡ ಹುಡುಗಿಗೆ ಮುಖ ತೋರಿಸುವುದು ಹೇಗೆ? ಮಗು ನನ್ನ ಹೆಬ್ಬೆರಳನ್ನು ಹಿಡಿದು ಎಳೆಯುತ್ತಿತ್ತು. ಹೇಳಿಬಿಟ್ಟೆ. ತಟ್ಟೆ ಸಿಂಕಿನಲ್ಲಿತ್ತು, ಅದು ಅವನದ್ದು, ಯಾವಾಗಲೂ ಇದೇ ಕತೆ ಎಂದು ರಫೀಕ ಹೇಳಿದ, ರಫೀಕನೇ ಕೆರೆದು ತೊಳೆದ. ಕಟ್ಟಿಕೊಳ್ಳುವವಳ ಗತಿ ಏನು ಎಂದು ನಾನು ಆಡಿದ ಮಾತನ್ನೂ ಬಿಡಲಿಲ್ಲ. ಅವಳು "ಆಯ್ತು ಮಾವ" ಎಂದು ಇಟ್ಟಳು.

ಹತ್ತು ನಿಮಿಷದಲ್ಲಿ ವನಜ ಕರೆ ಮಾಡಿದಳು. "ಅಣ್ಣ, ನಿಮಗೆ ಸುಮ್ನೆ ಇರ್ಲಿಕ್ಕೆ ಆಗ್ಲಿಲ್ವಾ? ಆಸ್ಪತ್ರೆಯ ಲಿಫ್ಟು ನಿಂತಿರುವಾಗ ಯಾರಾದ್ರೂ ತಟ್ಟೆ ತೊಳೀತಾ ಕೂತ್ಕೊಳ್ತಾರಾ? ನಿನ್ನೆ ನನ್ನನ್ನು ಅಳಿಸಿದ್ದು ಸಾಕಾಗ್ಲಿಲ್ವಾ?" ನಿನ್ನೆ ನೀನು ಅತ್ತದ್ದು ಸಂತೋಷಕ್ಕಲ್ಲವೇ ಎಂದೆ. "ಅದೂ ರಫೀಕನನ್ನು ನೋಡಿ!" ಎಂದಳು. ಎರಡು ದಿನ ಬಜಗೋಳಿಯಿಂದ ಯಾವ ಸುದ್ದಿಯೂ ಇಲ್ಲ, ಶುಭೋದಯವೂ ಇಲ್ಲ. ಆ ಎರಡು ದಿನ ನಾನು ಪರ್ತಿನಲ್ಲಿಯೂ ಏನನ್ನೂ ನೋಡಲಿಲ್ಲ. ಬೇಸರಕ್ಕೆ ಅದೇ ಫೋಟೊವನ್ನು ಬಿಚ್ಚಿ ನೋಡುತ್ತಿದ್ದವನಿಗೆ ಆಗ ಇನ್ನೊಂದು ಕಂಡಿತು. ನನ್ನ ತಲೆಯ ಹಿಂದೆ, ಕಿಟಕಿಯಾಚೆ, ಎರಡು ಕಿವಿಗಳಿಂದಲೇ ಎದ್ದು ನಿಂತ ಹಾಗೆ, ಬಿಸಿಲಿಗೆ ಹೊಳೆಯುವ ಎರಡು ಗೋಪುರಗಳು. ಮೂರೂವರೆ ಗಂಟೆ ಅವು ನನ್ನ ಬೆನ್ನ ಹಿಂದೆ ನಿಂತಿದ್ದವು. ಕಾಮತರಿಗೆ ಕಳಿಸಿದೆ. "ಭೇಷ್! ನೋಡಿದಿರಲ್ಲ!" ಎಂದು ಉತ್ತರ ಬಂತು. ನಾನು ಏನೂ ಬರೆಯಲಿಲ್ಲ. ಅದು ಸುಳ್ಳೋ ಮೌನವೋ ಇನ್ನೂ ತೀರ್ಮಾನವಾಗಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾವು ಉಂಡು ಎದ್ದ ಹೊತ್ತಿಗೆ ದೀಕ್ಷಾಳ ಕರೆ ಬಂತು. ಜಯಂತಿಗೂ ಕೇಳಲೆಂದು ಧ್ವನಿ ದೊಡ್ಡದು ಮಾಡಿದೆ. "ಅವರನ್ನೇ ಕೇಳಿದೆ ಮಾವ. ಹೌದು, ನನ್ನದೇ ತಟ್ಟೆ ಅಂದ್ರು. ಲಿಫ್ಟಿನ ನೆಪ ಹೇಳ್ತಾರೆ ಅಂತ ಕಾದೆ, ಹೇಳ್ಲಿಲ್ಲ. ಉಳಿದ ದಿನವೂ ಬಿಟ್ಟು ಹೋಗ್ತೇನೆ, ರಫೀಕ ಬೈತಾನೆ, ಇನ್ನು ಕಲೀತೇನೆ ಅಂದ್ರು. ಹಾಗಾದ್ರೆ ದಿನಾ ತೊಳೆದು ಫೋಟೊ ಕಳ್ಸಿ, ತಿಂಗಳು ನೋಡ್ತೇನೆ ಅಂದೆ. ಮೂರು ಬಂತು." ತೊಳೆದ ತಟ್ಟೆಯ ಮೂರು ಫೋಟೊಗಳನ್ನು ನನಗೂ ಕಳಿಸಿದ್ದಳು. ನಾನು ಕನ್ನಡಕ ಹಾಕಿ ಪರಿಶೀಲಿಸಿದೆ. ತಟ್ಟೆ ಹೊಳೆಯುತ್ತಿತ್ತು. ಆದರೆ ಫೋಟೊ ತೆಗೆದ ಕೈಯೇ ತೊಳೆದ ಕೈ ಎಂಬುದಕ್ಕೆ ಇದರಲ್ಲಿ ಆಧಾರವಿಲ್ಲ, ಅದೇ ಮನೆಯಲ್ಲಿ ರಫೀಕನೂ ಇದ್ದಾನೆ ಎಂದು ನನ್ನ ಅಭಿಪ್ರಾಯ ಕೊಟ್ಟೆ. ಇಷ್ಟಾದರೂ ಎಚ್ಚರ ಬೇಡವೇ?

ಅಡುಗೆಮನೆಯಿಂದ ಜಯಂತಿ ಹೊರಗೆ ಬಂದಳು. ಅವಳ ಕೈಯಲ್ಲಿ ಸಾಬೂನಿನ ನೊರೆ ಇತ್ತು. "ಒಂದು ಕೇಳ್ತೇನೆ. ಅಲ್ಲಿ ನೀವು ಉಂಡ ತಟ್ಟೆ ಯಾರು ತೊಳೆದದ್ದು?" ಎಂದಳು. ನಾನು ನೆನಪಿಸಿಕೊಂಡೆ. ಕೈ ತೊಳೆದು ಬಂದೆ, ಸೋಫಾದಲ್ಲಿ ಕುಳಿತೆ, ಕನ್ನಡಕ ಒರೆಸಿದೆ. ಸಿಂಕಿನಲ್ಲಿ ರಫೀಕ ತೊಳೆದದ್ದು ಮೂರು ತಟ್ಟೆ. ಒಂದು ಅವನದ್ದು, ಒಂದು ಪ್ರಶಾಂತನದ್ದು. ಮೂರನೆಯದರ ಬಗ್ಗೆ ನಾನು ಈವರೆಗೆ ಎಲ್ಲಿಯೂ ಸಾಕ್ಷ್ಯ ಹೇಳಿರಲಿಲ್ಲ. ಫೋನಿನ ಆ ಕಡೆ ದೀಕ್ಷಾ ಇನ್ನೂ ಕೇಳುತ್ತಿದ್ದಳು. "ಮತ್ತೆ ಈಗ ಉಂಡದ್ದು?" ಎಂದಳು ಜಯಂತಿ. ಈಗ ಉಂಡದ್ದು ಮೇಜಿನ ಮೇಲೆಯೇ ಇತ್ತು.

ಎದ್ದೆ. ತಟ್ಟೆಯನ್ನು ತೆಗೆದುಕೊಂಡು ಸಿಂಕಿನ ಎದುರು ನಿಂತೆ. ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ಅದು ಮೊದಲ ಸಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಒಪ್ಪಿಕೊಳ್ಳುವವರಿಗೆ ನಮ್ಮ ದೀಕ್ಷಾ ಒಂದು ತಿಂಗಳ ಅವಕಾಶ ಕೊಡುತ್ತಾಳೆ. ಸಾಬೂನು ಯಾವುದು ಎಂದು ಕೇಳಿದೆ. ಜಯಂತಿ ಹೇಳುವ ಬದಲು ನನ್ನ ಹಿಂದೆ ನಿಂತು ಒಂದು ಫೋಟೊ ತೆಗೆದು ದೀಕ್ಷಾಳಿಗೆ ಕಳಿಸಿದಳು. ಬಗ್ಗಿದ ಬೆನ್ನು, ಮೊಣಕೈವರೆಗೆ ಮಡಚಿದ ತೋಳು, ನಡುವೆ ಒಂದು ಸ್ಟೀಲಿನ ತಟ್ಟೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು.

"ಅತ್ತೆ, ಇದು ಯಾರು?"